ತಿನಾಗೋದ ನೇಜಿ ಬಲಿತ ಬೇಸಿಗೆ

ಮೊನ್ನೆ ಶುಕ್ರವಾರ ಈ ಅರಬರ ದ್ವೀಪದ ಬುಸೈತೀನಿನಲ್ಲಿ ನಮ್ಮ ಕಡೆಯ ನರ್ಸ್ ಒಬ್ಬಳ ಮನೆಗೆ ಹೋಗಿದ್ದೆ. ಲಿಫ್ಟ್ ಹಾಳಾಗಿತ್ತು. ಮೆಟ್ಟಿಲು ಹತ್ತುವಾಗ ಎರಡನೆಯ ಮಹಡಿಯಲ್ಲಿ ಯಾರೋ ಕೋಳಿಯನ್ನು ವಿನೆಗರಿನಲ್ಲಿ ಬೇಯಿಸುತ್ತಿದ್ದರು. ವಿನೆಗರು, ಜಜ್ಜಿದ ಬೆಳ್ಳುಳ್ಳಿ, ಸೋಯಾ, ಇಡೀ ಕರಿಮೆಣಸು. ಫಿಲಿಪಿನಿಗಳ ಅಡುಗೆ. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. "ಎಂತಾಯ್ತು ಸೆರಾಫಿನ್ ಬಾಯಿ, ಮೊಣಕಾಲಾ?" ಎಂದು ನರ್ಸ್ ಮೇಲಿನಿಂದ ಕೇಳಿದಳು. ಹೌದು ಎಂದೆ. ಮೊಣಕಾಲು ನೋವು ಇರುವುದು ನಿಜ. ಆದರೆ ಕುಳಿತದ್ದು ಆ ವಾಸನೆಗೆ. ಹಿಂದೆ ನನ್ನ ಜೊತೆ ಕೆಲಸಕ್ಕಿದ್ದ ಫಿಲಿಪಿನಿ ನೆನಿತಾ ನೆನಪಾದಳು, ಅವಳ ಊರು ನೆನಪಾಯಿತು. ನಾನು ಆ ಊರಿಗೆ ಕಾಲಿಟ್ಟವಳಲ್ಲ. ಆದರೆ ಅಲ್ಲಿಯವರಿಗೆ ನನ್ನ ಹೆಸರು ಗೊತ್ತಿದೆ.

ನಾಲ್ಕು ವರ್ಷದ ಹಿಂದಿನ ಬೇಸಿಗೆ. ಆಗ ನಾನು ಅದೇ ಬುಸೈತೀನಿನ ಒಂದು ಅರಬರ ವಿಲ್ಲಾದಲ್ಲಿ ಅಡುಗೆಗೆ ಇದ್ದೆ. ಹದಿನೆಂಟು ವರ್ಷ ಅದೇ ಮನೆ, ಅದೇ ಒಲೆ. ನೆನಿತಾ ಬಂದು ಮೂರು ವರ್ಷವಾಗಿತ್ತು. ಅವಳ ಕೆಲಸ ದೊಡ್ಡ ಮಾಮಾಳನ್ನು ನೋಡಿಕೊಳ್ಳುವುದು. ದೊಡ್ಡ ಮಾಮಾ ಎಂದರೆ ಮನೆಯೊಡತಿ ಮದಾಮಳ ತಾಯಿ. ಒಂದು ಬದಿ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದರು. ಮಗ್ಗುಲು ಬದಲಾಯಿಸಲು ಇಬ್ಬರು ಬೇಕು. ಒಬ್ಬಳು ನೆನಿತಾ, ಇನ್ನೊಬ್ಬಳು ನಾನು.

ಜುಲೈಯಲ್ಲಿ ಈ ದ್ವೀಪದ ಗಾಳಿ ಒದ್ದೆ ಬಟ್ಟೆಯ ಹಾಗೆ ಮುಖಕ್ಕೆ ಅಂಟುತ್ತದೆ. ಅನುಕೂಲ ಇದ್ದವರು ತಂಪು ದೇಶಕ್ಕೆ ಹೋಗುತ್ತಾರೆ. ಮದಾಮ್, ಅವಳ ಗಂಡ, ಮಕ್ಕಳು ಎರಡು ತಿಂಗಳಿಗೆಂದು ಹೋದರು. ಮನೆಯಲ್ಲಿ ಉಳಿದದ್ದು ದೊಡ್ಡ ಮಾಮಾ, ನೆನಿತಾ, ನಾನು, ಹೊರಗಿನ ಕೋಣೆಯಲ್ಲಿ ಡ್ರೈವರ್ ಹಮೀದಾಕ. ಹಮೀದಾಕ ಉಳ್ಳಾಲದ ಬ್ಯಾರಿ. ನನಗೂ ಅವರಿಗೂ ದಿನಾ ಜಗಳ, ದಿನಾ ಚಾ.

ಮದಾಮ್ ಇಲ್ಲದ ಮನೆಯಲ್ಲಿ ಕೆಲಸ ಅರ್ಧ. ಮಧ್ಯಾಹ್ನ ನೆನಿತಾ ಅಡುಗೆಮನೆಗೆ ಬಂದು ನನ್ನ ಜೊತೆ ಸೊಪ್ಪು ಬಿಡಿಸುತ್ತಾ ಊರಿನ ಕಥೆ ಹೇಳುತ್ತಿದ್ದಳು. ನಮ್ಮ ಮಾತು ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ನಡುವೆ ಅರಬಿ. ಇಲ್ಲಿ ನಮ್ಮ ಭಾಷೆಯಲ್ಲೇ ಬರೆದಿದ್ದೇನೆ.

ಅವಳ ಊರು ತಿನಾಗೋ. ಅಡಗಿದ್ದು ಎಂದು ಅರ್ಥವಂತೆ. ಅವಳ ಮುತ್ತಜ್ಜನ ಕಾಲದಲ್ಲಿ ಏಳು ಮನೆಯವರು ಸಮುದ್ರದ ಬದಿಯಲ್ಲಿ ಒಬ್ಬ ತೆಂಗಿನ ತೋಟದ ಧಣಿಯ ಒಕ್ಕಲಾಗಿದ್ದರು. ಧಣಿಯ ಕಾಟ ತಾಳಲಾರದೆ ಹೊಳೆ ಹಿಡಿದು ಮೇಲೆ ಹೋಗಿ, ಕಾಡಿನ ನಡುವೆ ಅಡಗಿ ಗದ್ದೆ ಮಾಡಿದರು. ಅಲ್ಲಿ ಮೊದಲು ಸತ್ತದ್ದು ಒಬ್ಬಳು ಮುದುಕಿ. ಅವಳ ಮಗ ಉಪ್ಪು ತರಲು ಕೆಳಗೆ ಹೋಗಿದ್ದ. ಧಣಿಯ ಆಳುಗಳಿಗೆ ಸುಳಿವು ಸಿಕ್ಕೀತೆಂದು ಇವರು ಅವಸರದಲ್ಲಿ ಅದೇ ದಿನ ಮಣ್ಣು ಮಾಡಿದರು. ಮರುದಿನ ಬಂದ ಮಗ ಕೈಯಲ್ಲೇ ಮಣ್ಣು ಬಗೆದು ತಾಯಿಯ ಮುಖ ನೋಡಿದ. ಉಪ್ಪಿನ ಚೀಲ ಅಲ್ಲೇ ಬಿಟ್ಟು ಹೊಳೆ ಇಳಿದು ಹೋದ. ಮತ್ತೆ ಬರಲಿಲ್ಲ. ಏಳರಲ್ಲಿ ಒಂದು ಮನೆ ಕಡಿಮೆಯಾಯಿತು.

ಅಂದಿನಿಂದ ತಿನಾಗೋದಲ್ಲಿ ಒಂದು ಕಟ್ಟಳೆ. ದೂರ ಇರುವ ಮಗನೋ ಮಗಳೋ ಬಂದು ಮುಖ ನೋಡುವ ತನಕ ಶವದ ಪೆಟ್ಟಿಗೆ ಮುಚ್ಚುವಂತಿಲ್ಲ. ಬರಲಾಗದಿದ್ದರೆ ಅವರೇ ಬಾಯಿಬಿಟ್ಟು 'ಮುಚ್ಚಿ' ಎನ್ನಬೇಕು. ಪೆಟ್ಟಿಗೆ ತೆರೆದಿರುವಷ್ಟು ದಿನ ಸತ್ತವರ ಮನೆಯಲ್ಲಿ ಕಸ ಗುಡಿಸುವಂತಿಲ್ಲ. ಊರಿನಲ್ಲಿ ಯಾರೂ ಗದ್ದೆಗೆ ಇಳಿಯುವಂತಿಲ್ಲ.

"ಇಷ್ಟರವರೆಗೆ ಯಾರಾದರೂ ಮುಚ್ಚಿ ಅಂದದ್ದುಂಟಾ?" ಎಂದು ಕೇಳಿದೆ.

"ಒಬ್ಬರೂ ಇಲ್ಲ ಆಂಟಿ. ಹಡಗಿನಲ್ಲಿ ಇದ್ದವನು ಹತ್ತೊಂಬತ್ತು ದಿನಕ್ಕೆ ಬಂದ. ಅವನಿಗೂ ಕಾದರು."

ನಾನು ನಗಾಡಿದೆ. ಆಗ ತಮಾಷೆ ಎನಿಸಿತ್ತು. ನನ್ನ ಗಂಡ ಸತ್ತಾಗ ನಾನು ಇಲ್ಲೇ ಮೀನು ಹುರಿಯುತ್ತಿದ್ದೆ. ಕಿನ್ನಿಗೋಳಿ ಕಡೆಯ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಮರುದಿನ ನಾಲ್ಕು ಗಂಟೆಗೆ ಮಣ್ಣು ಕೊಟ್ಟಾಗಿತ್ತು. ಯಾರೂ ನನ್ನನ್ನು ಕೇಳಲಿಲ್ಲ. ಕೇಳದೆ ಇದ್ದದ್ದೇ ಒಳ್ಳೆಯದಾಯಿತು.

ಆ ಮಾತಾಡಿ ಹದಿನೈದು ದಿನ ಆಗಿರಲಿಲ್ಲ, ನೆನಿತಾಳ ತಾಯಿ ಸತ್ತರು. ಬೆಳಿಗ್ಗೆ ಅವಳ ಅಣ್ಣ ರೋಮೆಲ್‌ನ ಫೋನು ಬಂತು. ಅವಳು ಅಳಲಿಲ್ಲ. ದೊಡ್ಡ ಮಾಮಾಳ ಮಗ್ಗುಲು ಬದಲಾಯಿಸಿದಳು, ಗಂಜಿ ತಿನ್ನಿಸಿದಳು, ಬಾಯಿ ಒರೆಸಿದಳು. ಆಮೇಲೆ ಅಡುಗೆಮನೆಗೆ ಬಂದು, "ಆಂಟಿ, ಮದಾಮ್‌ಗೆ ನೀವು ಹೇಳಿ. ನನಗೆ ಬಾಯಿ ಬರುವುದಿಲ್ಲ" ಎಂದಳು.

ನಾನು ಫೋನು ಮಾಡಿದೆ. ಅಲ್ಲಾಹ್ ಯರ್ಹಮ್ಹಾ, ದೇವರು ಅವಳಿಗೆ ಕರುಣೆ ತೋರಲಿ ಎಂದಳು ಮದಾಮ್. ಆಮೇಲೆ ಅಂದಳು, "ಸೆರಾಫಿನ್, ನನ್ನ ತಾಯಿ ಬದುಕಿದ್ದಾರೆ. ಅವಳ ತಾಯಿ ಸತ್ತಾಗಿದೆ. ಸತ್ತವರಿಗೆ ಅರ್ಜೆಂಟ್ ಇಲ್ಲ. ನಾನು ಬಂದ ಮೇಲೆ ಒಂದು ತಿಂಗಳು ರಜೆ ಕೊಡುತ್ತೇನೆ. ಖಲಾಸ್."

ಮದಾಮ್ ಕೆಟ್ಟವಳಲ್ಲ. ಅವಳಿಗೆ ತೋಚಿದ ಲೆಕ್ಕ ಅದು. ನೆನಿತಾಳ ಪಾಸ್‌ಪೋರ್ಟು ಮದಾಮಳ ಕಪಾಟಿನಲ್ಲಿತ್ತು, ನನ್ನದರ ಜೊತೆಗೆ. ಏರ್‌ಪೋರ್ಟು ನಮ್ಮ ಮನೆಯಿಂದ ಹತ್ತು ನಿಮಿಷ. ವಿಮಾನಗಳು ಮಾಳಿಗೆ ಕೆರೆದುಕೊಂಡು ಹೋದ ಹಾಗೆ ಹೋಗುತ್ತವೆ. ಪ್ರತಿ ಸಲವೂ ನೆನಿತಾ ತಲೆ ಎತ್ತುತ್ತಿದ್ದಳು. ಎತ್ತಬೇಡ ಎಂದು ನಾನು ಬೈಯುತ್ತಿದ್ದೆ.

ಅಂದಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ ಫೋನಿನಲ್ಲಿ ತಿನಾಗೋ. ಇಲ್ಲಿ ಮೂರು ಗಂಟೆ ಎಂದರೆ ಅಲ್ಲಿ ರಾತ್ರಿ ಎಂಟು. ಟಾರ್ಪಾಲು ಕಟ್ಟಿದ ಅಂಗಳ, ಬಿಳಿ ಪೆಟ್ಟಿಗೆ, ಮೇಲೆ ಗಾಜು. ಕೆಡದ ಹಾಗೆ ಮದ್ದು ಹಾಕಿದ್ದರು. ಒಂದು ಮೂಲೆಯಲ್ಲಿ ಇಸ್ಪೀಟು. ಆಟದಲ್ಲಿ ಗೆದ್ದವರು ಸತ್ತವರ ಮನೆಗೆ ಪಾಲು ಕೊಡಬೇಕಂತೆ. ದಿನಕ್ಕೆ ಒಂದು ಮನೆಯವರು ಕಾಫಿ, ಬಿಸ್ಕತ್ತು, ಅನ್ನ ತರಬೇಕು. ನಲವತ್ತು ಮನೆ. ಮುದುಕಿಯರು ತೇರ್ಸ, ಅಂದರೆ ಜಪಸರದ ಪ್ರಾರ್ಥನೆ, ಹೇಳುತ್ತಿದ್ದರು. ಜಪಮಣಿ ಸರಿಯುವುದನ್ನು ನೋಡಿ ನನಗೂ ಅರ್ಥವಾಗುತ್ತಿತ್ತು. ನೆನಿತಾ ಗಾಜಿನೊಳಗಿನ ಮುಖ ನೋಡಿ, "ಬರುತ್ತೇನೆ" ಎನ್ನುವಳು. ಅಲ್ಲಿಯವರು ತಲೆ ಆಡಿಸುವರು. ಮರುದಿನ ಮತ್ತೆ ಅದೇ.

ಆರನೆಯ ದಿನ ಎಡವಟ್ಟಾಯಿತು. ನಾನು ಅಂಗಡಿಯಿಂದ ಬಂದಿದ್ದೆ. ಹೊರಗೆ ಹೋಗುವಾಗ ನೈಟಿಯ ಮೇಲೆ ಅರಬ ಹೆಂಗಸರು ತೊಡುವ ಕಪ್ಪು ಅಬಾಯಾ, ಮದಾಮಳ ಹಳೆಯದು, ಹಾಕಿಕೊಳ್ಳುವುದು ನನ್ನ ರೂಢಿ. ಸೆಕೆಗೆ ಜೀವ ಹೋಗುತ್ತಿತ್ತು. ಎಸಿ ಇದ್ದದ್ದು ಮಜ್ಲಿಸಿನಲ್ಲಿ, ಅಂದರೆ ಗಂಡಸರು ಕೂರುವ ಚಾವಡಿಯಲ್ಲಿ. ಅಲ್ಲಿನ ಚಿನ್ನದ ಬಣ್ಣದ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತೆ. ನೆನಿತಾ ಫೋನು ಹಿಡಿದು ಒಳಗೆ ಬಂದಳು. ಅಲ್ಲಿಂದ ನನ್ನನ್ನು ಕಂಡವರೇ ಇಸ್ಪೀಟು ಬಿಟ್ಟು ಎದ್ದು ನಿಂತರು.

"ಗುಡ್ ಈವ್ನಿಂಗ್, ಮದಾಮ್."

ನಾನು ನೆನಿತಾಳ ಮುಖ ನೋಡಿದೆ. ಅಡುಗೆಯವಳು ಎಂದು ಒಂದು ಮಾತು ಸಾಕಿತ್ತು. ಅವಳು ಆಡಲಿಲ್ಲ. ನಾನೂ ಆಡಲಿಲ್ಲ.

ಊರಿನ ಮುಖಂಡನನ್ನು ಅವರು ಕಪಿತಾನ್ ಎನ್ನುತ್ತಾರೆ. ಹಲ್ಲಿಲ್ಲದ ಮುದುಕ, ಇಂಗ್ಲಿಷ್ ಬರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಂಡು ಬಂದು, ಮಾನ್ಯ ಮದಾಮರೇ ಎಂದು ಬರೆದ ಕಾಗದ ಓದಿದ. ಕಳಿಸಬೇಕೆಂದು ಮೊದಲೇ ಸಂತೆಯ ಪೇಟೆಯಲ್ಲಿ ಟೈಪ್ ಮಾಡಿಸಿ ಸೀಲು ಹಾಕಿಸಿದ್ದ. ಆಮೇಲೆ ಜನ ಸಾಲಾಗಿ ಬಂದರು. ಒಬ್ಬ ತನ್ನ ಕಾಳಗದ ಹುಂಜ ತೋರಿಸಿ, ಇದನ್ನು ಕಳಿಸುತ್ತೇನೆ ಎಂದ. ಒಬ್ಬಳು ಗದ್ದೆಯ ಪಟ್ಟಾ ಕಾಗದ ಎತ್ತಿ ಹಿಡಿದಳು. ಇಸ್ಕೂಲಿನ ಮಾಸ್ತರ, ನೆನಿತಾ ವಾಪಸು ಬರುವುದಕ್ಕೆ ತಾನು ಜಾಮೀನು ಎಂದ. ಕೊನೆಗೆ ಒಬ್ಬಳು ಮುದುಕಿ. ಎಲ್ಲರೂ ಅವಳನ್ನು ಲೋಲಾ ಎನ್ನುತ್ತಿದ್ದರು, ಅವರಲ್ಲಿ ಅಜ್ಜಿಗೆ ಹಾಗೆ. ನನಗಿಂತ ಹತ್ತು ವರ್ಷ ದೊಡ್ಡವಳು.

"ನನ್ನನ್ನು ಕರೆಸಿಕೊಳ್ಳಿ. ಅವಳು ಬಂದು ಹೋಗುವ ತನಕ ನಿಮ್ಮ ತಾಯಿಯ ಮಲಮೂತ್ರ ನಾನು ತೆಗೆಯುತ್ತೇನೆ. ನನ್ನ ಸೊಂಟ ಗಟ್ಟಿ ಇದೆ, ನೋಡಿ" ಎಂದು ಬಗ್ಗಿ ಎದ್ದು ತೋರಿಸಿದಳು.

ನೆನಿತಾ ಇದನ್ನೆಲ್ಲ ಒಂದೊಂದೇ ನನಗೆ ತಿರುಗಿಸಿ ಹೇಳುತ್ತಿದ್ದಳು, ಕೋರ್ಟಿನಲ್ಲಿ ಹೇಳಿದ ಹಾಗೆ. ನಾನು, "ನೋಡುವ" ಎಂದೆ. ಮದಾಮ್ ಸಹ ಹಾಗೇ ಹೇಳುತ್ತಿದ್ದಳು.

ಫೋನು ಇಟ್ಟ ಮೇಲೆ ಬೈದೆ. "ನಿನಗೆ ಮಂಡೆ ಸಮ ಇಲ್ವಾ? ನಾನು ಕುಕ್ಕು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಅವರಿಗೆ ಬೇಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ ಆಂಟಿ. ಆರು ದಿನದಿಂದ ಕಾಯುತ್ತಿದ್ದಾರೆ. ಇವತ್ತು ಏನೋ ಮಾಡಿದೆವು ಅಂತ ಮಲಗುತ್ತಾರೆ."

ಹಮೀದಾಕ ಬಾಗಿಲಲ್ಲಿ ನಿಂತು ಕೇಳಿದ್ದರು. "ಎಂತ ಸೆರಾಫಿನ್ ಬಾಯಿ, ಅರಬಿ ಆಗಿಬಿಟ್ರಾ? ಇನ್ನು ನನ್ನ ಸಂಬಳ ಜಾಸ್ತಿ ಮಾಡಿ ಮಾರಾಯ್ರೆ" ಎಂದರು. ಯಾರೂ ನಗದಿದ್ದಾಗ ತಲೆ ಕೆರೆದುಕೊಂಡು ಹೋದರು.

ಒಂಬತ್ತನೆಯ ದಿನ ಬೆಳಿಗ್ಗೆ ದೊಡ್ಡ ಮಾಮಾಳಿಗೆ ಜ್ವರ ಏರಿತು. ಸಲ್ಮಾನಿಯಾ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದರೆ ಅವರ ಗುರುತಿನ ಕಾರ್ಡು ಬೇಕು. ಅದು ಮದಾಮಳ ಕಪಾಟಿನಲ್ಲಿ. ಇಂಥದಕ್ಕೇ ಎಂದು ಮದಾಮ್ ಕಪಾಟಿನ ಬೀಗದಕೈ ನನ್ನ ಹತ್ತಿರ ಬಿಟ್ಟುಹೋಗಿದ್ದಳು. ಯಾರಿಗೂ ಹೇಳಬೇಡ ಎಂದಿದ್ದಳು. ನಾನು ಅದನ್ನು ಒಳಲಂಗದ ಪಿನ್ನಿಗೆ ಸಿಕ್ಕಿಸಿಕೊಂಡಿದ್ದೆ. ಗಡಿಬಿಡಿಯಲ್ಲಿ ನೆನಿತಾಳ ಎದುರಿಗೇ ತೆಗೆದೆ, ಕಪಾಟು ತೆರೆದೆ. ಕಾರ್ಡಿನ ಅಡಿಯಲ್ಲೇ ಪಾಸ್‌ಪೋರ್ಟುಗಳು. ನನ್ನ ನೀಲಿ, ಅವಳ ಕೆಂಪು. ರಬ್ಬರ್ ಬ್ಯಾಂಡ್ ಹಾಕಿತ್ತು.

ಅವಳು ನೋಡಿದಳು. ನಾನು ಕಾರ್ಡು ತೆಗೆದು ಬೀಗ ಹಾಕಿದೆ.

ಸಲ್ಮಾನಿಯಾದಲ್ಲಿ ದೊಡ್ಡ ಮಾಮಾಳಿಗೆ ಗ್ಲುಕೋಸ್ ಹಾಕಿ ಸಂಜೆಯ ಒಳಗೆ ಬಿಟ್ಟರು. ಮನೆಗೆ ಬಂದು, ಮುದುಕಿಯನ್ನು ಮಲಗಿಸಿ, ನೆನಿತಾ ನನ್ನ ಎದುರು ನಿಂತಳು.

"ಬೀಗದಕೈ ನಿಮ್ಮ ಹತ್ತಿರ ಇತ್ತು."

"ಇತ್ತು."

"ಒಂಬತ್ತು ದಿನವೂ."

"ಹೂಂ."

"ಕೊಡಿ ಆಂಟಿ. ಟಿಕೆಟು ರೋಮೆಲ್ ತೆಗೆದಿಟ್ಟಿದ್ದಾನೆ, ದಿನ ಬದಲಾಯಿಸಿದರೆ ಸಾಕು. ಮುಖ ನೋಡಿ, ಮಣ್ಣು ಹಾಕಿ, ವಾರದಲ್ಲಿ ಬರುತ್ತೇನೆ."

ಹಮೀದಾಕ, "ಪಾಸ್‌ಪೋರ್ಟ್ ಕೈಗೆ ಬಂದ್ರೆ ನಾನು ಏರ್‌ಪೋರ್ಟಿಗೆ ಬಿಟ್ಟು ಬರ್ತೇನೆ. ಮದಾಮ್ ಬಂದ ಮೇಲೆ ಆದದ್ದಾಗ್ಲಿ ಬಾಯಿ, ತಿನ್ನುದಿಲ್ಲ ಅವಳು" ಎಂದರು.

"ನಿಮ್ಮನ್ನು ತಿನ್ನುವುದಿಲ್ಲ. ಬೀಗದಕೈ ಇರುವುದು ನನ್ನ ಹತ್ತಿರ" ಎಂದೆ.

ಕೊಡುವುದಿಲ್ಲ ಎಂದೆ. ಮುದುಕಿಯನ್ನು ಒಬ್ಬಳೇ ಮಗುಚಲು ಆಗುವುದಿಲ್ಲ ಎಂದೆ. ಅದು ನಿಜ. ನನ್ನ ವೀಸಾ ಅದೇ ಮನೆಯದು, ಮುಂದಿನ ತಿಂಗಳು ಮುಗಿಯುವುದಿತ್ತು. ಅರವತ್ತೆರಡು ದಾಟಿದವಳಿಗೆ ಇನ್ನೊಂದು ಮನೆಯವರು ಸುಲಭದಲ್ಲಿ ವೀಸಾ ಕೊಡುವುದಿಲ್ಲ ಎಂದೆ. ಅದೂ ನಿಜ. ಆದರೆ ಎಷ್ಟು ಕಾರಣ ಹೇಳಿದರೂ ಕೆಳಗೆ ಇದ್ದದ್ದು ಒಂದೇ. ನಾನು ಹೆದರಿದ್ದೆ. ಅವಳು ನನಗಿಂತ ಇಪ್ಪತ್ತೈದು ವರ್ಷ ಸಣ್ಣವಳು, ಗಟ್ಟಿ ಕೈ. ಪಿನ್ನು ಕಿತ್ತು ಕಸಿದುಕೊಂಡಿದ್ದರೆ ನಾನು ತಡೆಯುತ್ತಿರಲಿಲ್ಲ. ಕಸಿದುಕೊಳ್ಳಲಿ ಎಂದೇ ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತೆ. ಅವಳು ಕಸಿಯಲಿಲ್ಲ. ಎರಡನೆಯ ಸಲ ಕೇಳಲೂ ಇಲ್ಲ.

ಆಮೇಲೂ ಮೂರು ಗಂಟೆಗೆ ಫೋನು ಬರುತ್ತಿತ್ತು. ಅವಳು, "ಬರುತ್ತೇನೆ" ಎನ್ನುತ್ತಿದ್ದಳು. ಅಲ್ಲಿ ಜನ ಬಳಲಿದ್ದರು. ಕಾಫಿ ತೆಳ್ಳಗಾಗಿತ್ತು ಎಂದು ಲೋಟ ನೋಡಿದರೇ ತಿಳಿಯುತ್ತಿತ್ತು. ಕೆಲವರ ಮನೆಯ ಸರದಿ ತಪ್ಪಿತು. ಅನ್ನದ ಬದಲು ಗೆಣಸು ಬಂತು.

ಹದಿನಾಲ್ಕನೆಯ ದಿನ ಬೆಳಿಗ್ಗೆಯೇ ರೋಮೆಲ್ ಫೋನು ಮಾಡಿದ್ದ. ಅಲ್ಲಿ ಹಗಲು. ಅವನ ಹಿಂದೆ ಹಸಿರು ಕಂಡಿತು. "ಅದೆಂತ, ನೇಜಿಯಾ? ಹತ್ತಿರ ತೋರಿಸಲು ಹೇಳು" ಎಂದೆ ನೆನಿತಾಳಿಗೆ. ಅವನು ಗದ್ದೆಗೆ ಇಳಿಯದೆ ಬದುವಿನಿಂದಲೇ ನೇಜಿ ಮಡಿಗೆ, ಅಂದರೆ ನಾಟಿಯ ಭತ್ತದ ಸಸಿ ಬೆಳೆಸುವ ಪಾತಿಗೆ, ಬಗ್ಗಿ ಒಂದು ಗಿಡ ಕಿತ್ತು ಫೋನಿಗೆ ಹಿಡಿದ. ನಾನು ಇಸ್ಕೂಲಿಗೆ ನಾಲ್ಕು ವರ್ಷ ಹೋದವಳು, ಗದ್ದೆಗೆ ಮೂವತ್ತು ವರ್ಷ ಇಳಿದವಳು. ಮೊಣಕಾಲೆತ್ತರ ಬೆಳೆದು ತುದಿ ಹಳದಿಯಾಗಿತ್ತು. ಬುಡದಲ್ಲಿ ಗಂಟು ಕಟ್ಟಲು ಶುರುವಾಗಿತ್ತು.

"ಬಿತ್ತಿ ಎಷ್ಟು ದಿನ ಆಯ್ತು?"

"ಮೂವತ್ತನಾಲ್ಕು" ಎಂದು ಅವನನ್ನು ಕೇಳಿ ಹೇಳಿದಳು.

"ಇಪ್ಪತ್ತೈದಕ್ಕೆ ನೆಡಬೇಕಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ನೆಟ್ಟೂ ಸುಖ ಇಲ್ಲ. ಒಂದೇ ಕಡ್ಡಿಯಾಗಿ ನಿಲ್ತದೆ, ಕವಲೊಡೆಯುವುದಿಲ್ಲ. ಎಷ್ಟು ಮನೆಯದ್ದು?"

"ಎಲ್ಲರದ್ದೂ" ಎಂದಳು ನೆನಿತಾ.

ನಲವತ್ತು ಮನೆಯ ವರ್ಷದ ಅನ್ನ ಮಡಿಯಲ್ಲೇ ಹಳದಿಯಾಗುತ್ತಿತ್ತು, ಮತ್ತು ಒಬ್ಬರೂ ಅವಳಿಗೆ ಅದನ್ನು ಹೇಳಿರಲಿಲ್ಲ.

"ಅವರು ಯಾಕೆ ಕಟ್ಟಳೆ ಬಿಡುವುದಿಲ್ಲ? ಹುಚ್ಚರಾ?"

"ಒಂದೊಂದು ಮನೆಯಿಂದಲೂ ಒಬ್ಬರು ಹೊರಗೆ ಇದ್ದಾರೆ ಆಂಟಿ. ಹಾಂಗ್‌ಕಾಂಗ್, ಜೆದ್ದಾ, ಹಡಗು. ನನಗಾಗಿ ಕಟ್ಟಳೆ ಮುರಿದರೆ ನಾಳೆ ಅವರವರ ಮಕ್ಕಳಿಗೂ ಮುರಿದ ಹಾಗೆ."

"ಹಾಗಾದರೆ ನೀನು ಹೇಳು. ಮುಚ್ಚಿ ಅಂತ ಹೇಳು. ನಿನ್ನ ಬಾಯಲ್ಲಿ ಬಂದರೆ ಕಟ್ಟಳೆ ಮುರಿಯುವುದಿಲ್ಲವಲ್ಲ."

ಅವಳು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಲ್ಲಿದೆ. "ತಿನಾಗೋದಲ್ಲಿ ಮುಚ್ಚಿ ಅಂದ ಮೊದಲನೆಯ ಮಗಳು ನಾನೇ ಆಗಬೇಕಾ? ಬರುವ ದಾರಿ ಇದೆ ಅಂತ ನನಗೆ ಗೊತ್ತಿರುವಾಗ?"

ಬೀಗದಕೈ ನನ್ನ ಸೊಂಟದಲ್ಲಿ ಚುಚ್ಚುತ್ತಿತ್ತು. ಅಂದು ಇಡೀ ದಿನ ಕೊಡುವ ಎಂದುಕೊಂಡೆ. ಎರಡು ಸಲ ಕಪಾಟಿನ ಹತ್ತಿರ ಹೋದೆ. ಒಂದು ಸಲ ತೆರೆದೆ ಕೂಡ. ನನ್ನ ಪಾಸ್‌ಪೋರ್ಟಿನ ಮೇಲೆ ಕಣ್ಣು ಬಿದ್ದು ಮತ್ತೆ ಮುಚ್ಚಿದೆ.

ಮರುದಿನ ಅಬಾಯಾ ಹಾಕಿಕೊಂಡೆ. ಮೂರು ಗಂಟೆಗೆ ಮಜ್ಲಿಸಿಗೆ ಹೋಗಿ ಅದೇ ಕುರ್ಚಿಯಲ್ಲಿ ಕುಳಿತು ನೆನಿತಾಳನ್ನು ಕರೆದೆ. ಫೋನು ಬಂದಾಗ ಅವಳ ಕೈಯಿಂದ ತೆಗೆದುಕೊಂಡೆ.

ಅಲ್ಲಿ ಎಲ್ಲರೂ ಎದ್ದು ನಿಂತರು. ನನಗೆ ಗೊತ್ತಿದ್ದ ಅಡುಗೆಮನೆ ಇಂಗ್ಲಿಷಿನಲ್ಲೇ ಹೇಳಿದೆ.

"ಕಪಿತಾನ್, ನೆನಿತಾ ಬರುವುದಿಲ್ಲ. ಪೆಟ್ಟಿಗೆ ಮುಚ್ಚಿ. ಗದ್ದೆಗೆ ಇಳಿಯಿರಿ."

ಮುದುಕ ಫೋನನ್ನು ಮುಖದ ಹತ್ತಿರ ಹಿಡಿದ. "ಮದಾಮ್, ಬರಲು ಅವಳಿಗೆ ಮನಸ್ಸು ಇದೆಯಾ?"

"ಇದೆ."

"ನಿಮ್ಮನ್ನು ಕೇಳಿದ್ದಾಳಾ?"

"ಕೇಳಿದ್ದಾಳೆ."

"ತಡೆದದ್ದು ಯಾರು?"

"ನಾನು."

"ಯಾಕೆ?"

ರಾತ್ರಿಯೆಲ್ಲ ಕೂತು ಏನೇನೋ ಜೋಡಿಸಿಟ್ಟಿದ್ದೆ. ಅದೆಲ್ಲ ಬಿಟ್ಟು, "ನನ್ನಿಂದ ಆಗುವುದಿಲ್ಲ" ಎಂದೆ.

ಅಷ್ಟರವರೆಗೆ ನಾನು ಒಂದೂ ಸುಳ್ಳು ಹೇಳಿರಲಿಲ್ಲ.

ಕಪಿತಾನ್ ಜನರ ಕಡೆ ತಿರುಗಿ ಅವರ ಭಾಷೆಯಲ್ಲಿ ಮಾತಾಡಿದ. ನೆನಿತಾ ಗೋಡೆಗೆ ಒರಗಿ ನಿಂತಿದ್ದಳು. ಏನಂತೆ ಎಂದು ಕೇಳಿದೆ. ಮಗಳು ಕೈಬಿಟ್ಟದ್ದಲ್ಲ, ಹೊರಗಿನವಳು ತಡೆದದ್ದು, ಕಟ್ಟಳೆ ಮುರಿದ ತಪ್ಪು ಆ ಹೊರಗಿನವಳ ತಲೆಯ ಮೇಲೆ, ತಿನಾಗೋದ ಮೇಲಲ್ಲ. ಹಾಗೆ ಹೇಳಿದನಂತೆ. ಹೆಂಗಸರು ಒಟ್ಟಿಗೆ ಒಂದು ಸ್ವರ ಎಳೆದರು. ಸೊಂಟ ಬಗ್ಗಿಸಿ ತೋರಿಸಿದ್ದ ಲೋಲಾ ಫೋನಿನ ಹತ್ತಿರ ಬಂದು ನನ್ನ ಮುಖವನ್ನು ಚೆನ್ನಾಗಿ ನೋಡಿ ನಾಲ್ಕು ಮಾತು ಹೇಳಿದಳು. ಅದನ್ನು ನೆನಿತಾ ನನಗೆ ತಿರುಗಿಸಿ ಹೇಳಲಿಲ್ಲ.

ಆಮೇಲೆ ಕಪಿತಾನ್ ಒಂದು ದಪ್ಪ ಪುಸ್ತಕ ತರಿಸಿದ. ಸತ್ತವರು ಯಾರು, ಯಾರು ಬಂದ ಮೇಲೆ ಪೆಟ್ಟಿಗೆ ಮುಚ್ಚಿತು ಎಂದು ಬರೆದಿಡುವ ಪುಸ್ತಕವಂತೆ. ಪೆನ್ನು ಹಿಡಿದು, "ಮದಾಮ್, ಯಾರ ಮಾತಿನ ಮೇಲೆ ಮುಚ್ಚಿತು ಎಂದು ಬರೆಯಬೇಕು. ನಿಮ್ಮ ಹೆಸರು?" ಎಂದ.

ಮದಾಮಳ ಹೆಸರು ಹೇಳಬಹುದಿತ್ತು. ಅವಳಿಗೆ ಗೊತ್ತಾಗುವುದೂ ಇಲ್ಲ, ಆಗಬೇಕಾದದ್ದೂ ಇಲ್ಲ. ನೆನಿತಾ ಗೋಡೆ ಬಿಟ್ಟು ಮುಂದೆ ಬಂದಳು, ನಾನು ಏನು ಹೇಳುತ್ತೇನೆ ಎಂದು ನೋಡಲು.

"ಸೆರಾಫಿನ್ ಡಿಸೋಜ" ಎಂದೆ.

ಅವನು ಬರೆದುಕೊಂಡ. ರೋಮೆಲ್ ಫೋನನ್ನು ಪೆಟ್ಟಿಗೆಯ ಗಾಜಿನ ಮೇಲೆ ಹಿಡಿದ. ನಾನು ಫೋನು ನೆನಿತಾಳ ಕೈಗೆ ಕೊಟ್ಟು ಹೊರಗೆ ಹೋದೆ. ಹೊರಗೆ ಬೆಂಕಿ ಬಿಸಿಲು. ಹಮೀದಾಕ ಕಾರು ತೊಳೆಯುತ್ತಿದ್ದರು. ಒಳಗಿನಿಂದ ಅವಳ ಸ್ವರ ಬಂತು. ಹದಿನೈದು ದಿನದಲ್ಲಿ ಅವಳು ಅತ್ತದ್ದು ಅದೇ ಮೊದಲು.

ಬೆಳಗಾಗುತ್ತಲೇ ಅವರು ಮಣ್ಣು ಕೊಟ್ಟು ಅಲ್ಲಿಂದಲೇ ಗದ್ದೆಗೆ ಹೋದರು. ನಾನು ದೊಡ್ಡ ಮಾಮಾಳ ಗಂಜಿ ಬಸಿಯುತ್ತಿರುವಾಗ ನೆನಿತಾ ಫೋನು ಹಿಡಿದು ಅಡುಗೆಮನೆಗೆ ಬಂದಳು. ನನಗೂ ಕಾಣುವ ಹಾಗೆ ಹಿಡಿದು ನಿಂತಳು, ಅಷ್ಟೆ. ಇಡೀ ಊರು ಒಂದೇ ಗದ್ದೆಯಲ್ಲಿ ಸಾಲಾಗಿ ಬಗ್ಗಿತ್ತು. ಬಲಿತ ನೇಜಿಯ ತುದಿ ಕತ್ತರಿಸಿ ಕಟ್ಟು ಕಟ್ಟಿದ್ದರು. ಕೆಲಸ ಗೊತ್ತಿದ್ದವರು. ಆದರೆ ಅವಸರದಲ್ಲಿ ಬುಡ ಮುಳುಗುವ ಹಾಗೆ ಒತ್ತುತ್ತಿದ್ದರು.

"ಅಷ್ಟು ಆಳಕ್ಕೆ ಒತ್ತಬಾರದು ಅಂತ ಹೇಳು. ಬಲಿತದ್ದನ್ನು ಮೇಲೆ ಮೇಲೆ ನೆಡಬೇಕು. ಒಂದೊಂದಲ್ಲ, ನಾಲ್ಕು ನಾಲ್ಕು ಹಾಕಲಿ" ಎಂದೆ.

ಅವಳಿಗೆ ಕೇಳಿಸಿತು. ಅವರಿಗೆ ಅವಳು ಹೇಳಲಿಲ್ಲ.